ಝಡ್ ಕ್ಲಾಸಿಗೆ ಹೋದ ರಿಪೋರ್ಟ್

ಲಾರಿ ರಿವರ್ಸ್‌ನಲ್ಲಿ ನನ್ನ ಮೇಲೇ ಬಂತು!

ಪಕ್ಕಕ್ಕೆ ಹಾರಿದೆ. ಬೈಕ್ ಅಪ್ಪಚ್ಚಿ. ಬಾಯಿ ತುಂಬ ಯಶವಂತನಗರದ ಕೆಂಪು ಧೂಳು.

ರೇವಣಸಿದ್ದ ಕೆಳಗಿಳಿದ. ಗಣಿ ಮ್ಯಾನೇಜರನ ಬಂಟ.

"ಪತ್ತೇದಾರಿಕಿ ಸಾಕು. ಹೊಸಪೇಟಿ ಬಸ್ ಹತ್ರಿ!"

"ನಿಮ್ಮ ಸಾಹೇಬ್ರನ್ನ ನೋಡೇ ಹತ್ತತೀನಿ."

ಕೈ ಎತ್ತಿದ. ಒಂದೇ ಏಟು... ನನ್ನದು! ಅವನು ಅಲ್ಲೇ ಕುಸಿದ. ನಾನು ಗಣಿ ಆಫೀಸಿನತ್ತ ಓಡಿದೆ.

ಕೇಸ್ ಇಷ್ಟೇ, ಕೇಳಿ. ಯಲ್ಲೇಶ್ ಈ ಗಣಿಯಲ್ಲಿ ಹಿಟಾಚಿ ಓಡಿಸುತ್ತಿದ್ದ. ಗುಡ್ಡ ಕುಸಿದು ಸತ್ತ. ಗುಡ್ಡ ಬಿರುಕು ಬಿಟ್ಟರೆ ಸೆನ್ಸರ್ ಹೇಳುತ್ತದೆ. ಕಂಪನಿಯ ಹೊಸಪೇಟೆ ಆಫೀಸಿನಲ್ಲಿರುವ ದೊಡ್ಡ ಕಂಪ್ಯೂಟರ್, ಮೇನ್‌ಫ್ರೇಮ್, ಪ್ರತಿ ಶಿಫ್ಟಿಗೂ ತಾನೇ ರಿಪೋರ್ಟ್ ತಯಾರಿಸುತ್ತದೆ. ಅದು ಎಲ್ಲಿಗೆ ಹೋಗಬೇಕು ಅನ್ನುವುದು ಒಂದೇ ಅಕ್ಷರದಲ್ಲಿ... ಔಟ್‌ಪುಟ್ ಕ್ಲಾಸ್! 'ಎ' ಆದರೆ ಗಣಿಯ ಪ್ರಿಂಟರ್‌ನಲ್ಲಿ ಅಚ್ಚಾಗುತ್ತದೆ. 'ಝಡ್' ಆದರೆ ಅಚ್ಚಾಗದೆ ಅಳಿಸಿಹೋಗುತ್ತದೆ.

ಯಾರೋ ಎ ತೆಗೆದು ಝಡ್ ಹಾಕಿದ್ದರು. ಯಾರು? ಯಲ್ಲೇಶನ ಹೆಂಡತಿ ಹೇಮಾವತಿ ನನ್ನನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ.

ಮ್ಯಾನೇಜರ್ ಮರುಳಸಿದ್ದಪ್ಪ ಊಟಕ್ಕೆ ಕೂತಿದ್ದ. ಒಳಗಿನಿಂದ ಚಿಲಕ ಹಾಕಿದೆ. ಜೇಬಿನಲ್ಲಿ ಫೋನ್ ರೆಕಾರ್ಡ್ ಮಾಡುತ್ತಿತ್ತು.

"ಕ್ಲಾಸ್ ಬದ್ಲಿ ಮಾಡ್ಸಿದ್ದು ಯಾರು?"

"ನಾನೇ! ಬಿರುಕಿನ ರಿಪೋರ್ಟ್ ನೋಡಿದ್ರ ಹುಡುಗ್ರು ಮಶೀನ್ ನಿಲ್ಲಸ್ತಿದ್ರು. ಆಮ್ಯಾಲ ಅದಿರು ಹೆಂಗ ಹೋಗ್ಬೇಕು?"

"ಒಂದು ಜೀವ ಹೋತಲ್ರಿ!"

ಅವನು ನಕ್ಕ. "ಕೀ ಒತ್ತಿದ್ದು ಯಾರು, ಗೊತ್ತೇನು? ಹೊಸಪೇಟಿ ಆಫೀಸಿನ ಕಂಪ್ಯೂಟರ್ ಆಪರೇಟರ್... ಹೇಮಾವತಿ! ಗಣಿ ಪ್ರಿಂಟರ್ ಕೆಟ್ಟೈತಿ, ರಿಪೇರಿ ಆಗೋತನಕ ಝಡ್ ಹಾಕು ಅಂದೆ. ಹಾಕಿದ್ಲು."

ನನ್ನ ಕಕ್ಷಿದಾರಳೇ!

ಹೊಸಪೇಟೆಯ ಮನೆಯ ಹಿತ್ತಲಲ್ಲಿ ಆಕೆ ಗಂಡನ ಕೆಲಸದ ಶರ್ಟ್ ಒಗೆಯುತ್ತಿದ್ದಳು. ಎಷ್ಟು ಹಿಂಡಿದರೂ ನೀರು ಕೆಂಪಗೇ ಬರುತ್ತಿತ್ತು.

ರೆಕಾರ್ಡಿಂಗ್ ಕೇಳಿಸಿದೆ. ಆಕೆ ತಲೆ ಎತ್ತಲಿಲ್ಲ.

"ನನಗ ಯಾಕ ಮೊದ್ಲೇ ಹೇಳ್ಲಿಲ್ಲ?"

"ನಾ ಬಾಯಿಬಿಟ್ಟಿದ್ರ ಎಲ್ಲಾ ನನ್ನ ಮ್ಯಾಲ ಹಾಕಿ ಅವ ಪಾರಾಗ್ತಿದ್ದ. ಅವನ ಬಾಯಾಗಿಂದಾನೇ ಬರ್ಬೇಕಿತ್ತು ಸರ್."

"ನಿಮ್ಮ ಹೆಸರಿರೋ ತುಂಡು ಕತ್ತರಿಸ್ತೀನಿ."

"ಬ್ಯಾಡ್ರಿ! ಕತ್ತರಿಸಿದ್ರ ಸುಳ್ಳು ಅಂತಾರ." ಶರ್ಟನ್ನು ಎದೆಗೊತ್ತಿಕೊಂಡಳು. "ಪ್ರಿಂಟರ್ ಖರೇನ ಕೆಟ್ಟೈತೇನ್ರಿ ಅಂತ ಮನಿಯವ್ರಿಗೇ ಒಂದು ಫೋನ್ ಹಚ್ಚಿ ಕೇಳಬೋದಿತ್ತು... ಗಣಿಯಾಗೇ ಇದ್ರಲ್ಲ ಸರ್ ಅವ್ರು... ಕೇಳ್ಲಿಲ್ಲ."

ಫೋನ್ ಜೇಬಿಗಿಟ್ಟೆ.

ಶರ್ಟನ್ನು ತಂತಿಗೆ ಹರವಿ, ಚಪ್ಪಲಿ ಮೆಟ್ಟಿ, ನನಗಿಂತ ಮುಂದೆ ಸ್ಟೇಷನ್ನಿಗೆ ನಡೆದಳು.

ಸಂಜೆಯೊಳಗೆ ಮ್ಯಾನೇಜರ್ ಒಳಗೆ. ಆಕೆಯೂ ಒಳಗೆ.

ಕೇಸ್ ಗೆದ್ದೆ ಅಂತಾರೆ ಜನ!