ನೆಟ್ಟಗೆ ಇಳಿದ ಕಂಚಿನ ಗಿಡುಗ

ಬಹಳ ಹಿಂದೆ, ಬೆಟ್ಟಗಳ ನಡುವೆ ಮುಗಿಲೂರು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಕಾವಲು ಆನೆಗಳಲ್ಲ, ಕುದುರೆಗಳಲ್ಲ, ಕಂಚಿನ ಗಿಡುಗಗಳು. ಒಂದೊಂದೂ ಆನೆಯಷ್ಟು ದೊಡ್ಡದು. ಹೊಟ್ಟೆಯಲ್ಲಿ ಬೆಂಕಿ, ಬಾಯಲ್ಲಿ ಮಾತು. ಬೆನ್ನ ಮೇಲೆ ಸವಾರರು ಕೂತರೆ ಬಯಲಿನುದ್ದಕ್ಕೂ ಓಡಿ ಓಡಿ ಮೇಲೇರುತ್ತಿದ್ದವು. ಇಳಿಯುವಾಗಲೂ ಅಷ್ಟೇ ದೂರ ಓಡಿ ನಿಲ್ಲುತ್ತಿದ್ದವು.

ಮಸಿಮೊಗನೆಂಬ ಮಾಂತ್ರಿಕನಿಗೆ ಮುಗಿಲೂರಿನ ಮೇಲೆ ಕಣ್ಣಿತ್ತು. ಒಂದು ದಿನ ಅವನು ಬಂದು ತನ್ನ ಕಬ್ಬಿಣದ ಕೋಲಿನಿಂದ ಬಯಲನ್ನು ಕುಟ್ಟಿದ. ಬಯಲು ಬಿರಿದು ಕೊರಕಲು ಕೊರಕಲಾಯಿತು. ಗಿಡುಗಗಳಿಗೆ ಓಡಲು ನೆಲವೇ ಇಲ್ಲ. ಆಗ ಅವನ ಹೊಗೆಯ ಹದ್ದುಗಳು ಬಂದು ಸವಾರರನ್ನೆಲ್ಲ ಕಚ್ಚಿಕೊಂಡು ಹೋದವು. ಮಸಿಮೊಗ ಮಂತ್ರ ಹಾಕಿ ನೆಲದಿಂದ ಒಂದು ಸೂಜಿಬೆಟ್ಟ ಎಬ್ಬಿಸಿದ. ಅದರ ತುದಿಯಲ್ಲಿ ಒಂದು ಒಕ್ಕಣೆಯ ಕಣದಷ್ಟೇ ಜಾಗ. ಸವಾರರನ್ನು ಅಲ್ಲಿ ನಿಲ್ಲಿಸಿ ಕೂಗಿದ:

"ಹುಣ್ಣಿಮೆಯ ಚಂದ್ರ ಮೂಡಿದರೆ ಇವರೆಲ್ಲ ಕಲ್ಲು! ತಾಕತ್ತಿದ್ದರೆ ಬಂದು ಬಿಡಿಸಿಕೊಳ್ಳಿ!"

ಸವಾರರಲ್ಲಿ ಉಳಿದವಳು ಏಚಲೆ ಒಬ್ಬಳೇ. ಅವತ್ತು ಅವಳಿಗೆ ಜ್ವರ. ಅವಳ ಬದಲು ಕಾವಲಿಗೆ ಹೋದವನು ಅವಳ ಅಣ್ಣ ಮಾಚಯ್ಯ. ಅವನೂ ಈಗ ಸೂಜಿಬೆಟ್ಟದ ಮೇಲೆ. ಏಚಲೆಗೆ ಅನ್ನ ಸೇರಲಿಲ್ಲ. ಅವಳು ಎದ್ದು ಗಿಡುಗಗಳನ್ನು ಎರಕ ಹೊಯ್ಯುವ ಕಲ್ಲೋಜನ ಕುಲುಮೆಗೆ ಹೋದಳು.

"ಓಜಯ್ಯ, ಓಡದೆ ಹಾರುವ ಗಿಡುಗ ಮಾಡಿಕೊಡಿ."

"ಮಾಡಿದ್ದೇನೆ, ತಾಯಿ. ಇದರ ಬೆಂಕಿಯುಸಿರು ಹಿಂದಕ್ಕೂ ಹೋಗುತ್ತದೆ, ತಿರುಗಿಸಿದರೆ ಕೆಳಕ್ಕೂ ಹೋಗುತ್ತದೆ. ಆದರೆ ಯಾರೂ ಹಾರಿಸಿ ನೋಡಿಲ್ಲ. ಬಿದ್ದರೆ ಉಳಿಯುವುದಿಲ್ಲ."

"ನಾನು ನೋಡುತ್ತೇನೆ," ಅಂದಳು ಏಚಲೆ.

ಮೊದಲನೆಯ ಪರೀಕ್ಷೆ ಏರುವುದು. ಗಿಡುಗ ಉಸಿರನ್ನು ಕೆಳಕ್ಕೆ ಬಿಟ್ಟಿತು. ಧೂಳೆದ್ದಿತು, ಕಲ್ಲು ಸಿಡಿಯಿತು, ಕುಲುಮೆಯ ಹಂಚು ಹಾರಿತು. ಗಿಡುಗ ನೆಟ್ಟಗೆ ಮೇಲೆದ್ದಿತು. ಕಲ್ಲೋಜ ಕೆಳಗಿನಿಂದ ಕೂಗಿದ, "ಆಯಿತೇ ತಾಯಿ?"

"ಏರುವುದಾಯಿತು, ಓಜಯ್ಯ!"

ಎರಡನೆಯ ಪರೀಕ್ಷೆ ನಿಲ್ಲುವುದು. ಗಾಳಿಯಲ್ಲಿ ಗಿಡುಗ ಬಲಕ್ಕೆ ವಾಲಿತು, ಎಡಕ್ಕೆ ವಾಲಿತು. ಏಚಲೆ ಅದರ ಕತ್ತು ಸವರಿ, "ಕೆಳಗೆ ನೋಡಬೇಡ, ಎದುರಿನ ಆಲದಮರ ನೋಡು," ಅಂದಳು. ಗಿಡುಗ ಮರವನ್ನೇ ನೋಡುತ್ತ ನೋಡುತ್ತ ತೂಗುದೀಪದಂತೆ ನಿಂತಿತು.

"ಆಯಿತೇ ತಾಯಿ?"

"ನಿಲ್ಲುವುದಾಯಿತು, ಓಜಯ್ಯ!"

ಮೂರನೆಯ ಪರೀಕ್ಷೆ ಇಳಿಯುವುದು. ಗಿಡುಗ ನೆಲದ ಹತ್ತಿರ ಬಂದದ್ದೇ, ಅದರ ಬಿಸಿಯುಸಿರು ನೆಲಕ್ಕೆ ಬಡಿದು ಅದರ ಮೂಗಿಗೇ ನುಗ್ಗಿತು. ಗಿಡುಗ ಕೆಮ್ಮಿತು, ಒದ್ದಾಡಿತು, ಮಗುಚಿಬಿತ್ತು. ಏಚಲೆ ದೂರ ಎಸೆಯಲ್ಪಟ್ಟು ಹುಲ್ಲಿನ ಬಣವೆಯ ಮೇಲೆ ಬಿದ್ದಳು. ಕಲ್ಲೋಜ ಓಡಿ ಬಂದ.

"ಆಯಿತೇ ತಾಯಿ?"

"ಆಗಲಿಲ್ಲ, ಓಜಯ್ಯ."

ಗಿಡುಗ ರೆಕ್ಕೆಯಲ್ಲಿ ಮುಖ ಮುಚ್ಚಿಕೊಂಡಿತ್ತು. "ಇನ್ನು ನಾನು ಇಳಿಯಲಾರೆ. ನನ್ನ ಉಸಿರೇ ನನ್ನ ಕೊರಳು ಹಿಸುಕುತ್ತದೆ."

ಏಚಲೆ ಅದರ ಪಕ್ಕದಲ್ಲಿ ಕೂತಳು. ಅದರ ಕಾಲು ಮುಟ್ಟಿ ನೋಡಿ ಹೇಳಿದಳು, "ಹಾಗಾದರೆ ಒಂದಾಳೆತ್ತರ ಉಳಿದಾಗ ಉಸಿರು ಕಟ್ಟಿಬಿಡು."

"ಕಟ್ಟಿದರೆ ಬೀಳುತ್ತೇನಲ್ಲ!"

"ಬೀಳು. ನಿನ್ನ ಕಾಲು ತಡೆಯುತ್ತದೆ. ನಾನೂ ನಿನ್ನ ಜೊತೆಗೇ ಬೀಳುತ್ತೇನೆ."

ಗಿಡುಗ ಮುಖದಿಂದ ರೆಕ್ಕೆ ತೆಗೆದು ಎದ್ದಿತು. ಮತ್ತೆ ಏರಿದರು, ಮತ್ತೆ ನಿಂತರು, ಮತ್ತೆ ಇಳಿದರು. ಒಂದಾಳೆತ್ತರ ಇದ್ದಾಗ ಗಿಡುಗ ಕಣ್ಣು ಮುಚ್ಚಿ ಉಸಿರು ಕಟ್ಟಿತು. ದಡ್ ಎಂದು ನೆಲಕ್ಕೆ ಬಿದ್ದು, ಎರಡು ಕಾಲಿನ ಮೇಲೆ ನಿಂತುಕೊಂಡಿತು.

"ಆಯಿತು, ಓಜಯ್ಯ!" ಎಂದು ಗಿಡುಗವೇ ಕೂಗಿತು.

ಹುಣ್ಣಿಮೆಯ ದಿನ ಬಂತು. ಇಳಿಹೊತ್ತಿನಲ್ಲಿ ಇಬ್ಬರೂ ಸೂಜಿಬೆಟ್ಟಕ್ಕೆ ಹೊರಟರು. ಹೊಗೆಯ ಹದ್ದುಗಳು ಹಿಂದೆ ಬಿದ್ದವು. ಏಚಲೆ ಬೆಟ್ಟದ ಗೋಡೆಯ ಕಡೆಗೇ ಗಿಡುಗವನ್ನು ಬಿಟ್ಟಳು. ಬಂಡೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. "ನಿಲ್ಲು!" ಅಂದಳು. ಗಿಡುಗ ಗಾಳಿಯಲ್ಲೇ ನಿಂತು ನೆಟ್ಟಗೆ ಮೇಲೆದ್ದಿತು. ಹದ್ದುಗಳಿಗೆ ನಿಲ್ಲಲು ಬಾರದು. ಅವು ಬಂಡೆಗೆ ಬಡಿದು, ಹೊಗೆಯಾಗಿ ಚದುರಿಹೋದವು.

ಬೆಟ್ಟದ ತುದಿಯಲ್ಲಿ ಸವಾರರು ಅಂಚಿನ ಸುತ್ತ ನಿಂತಿದ್ದರು. ಅವರ ಕಾಲು ಮೊಣಕಾಲಿನವರೆಗೆ ಆಗಲೇ ಕಲ್ಲಾಗಿತ್ತು. ನಡುವೆ ಮಸಿಮೊಗನ ಕಬ್ಬಿಣದ ಕೋಲು ನೆಟ್ಟಿತ್ತು. ಅವನ ಮಂತ್ರವೆಲ್ಲ ಇದ್ದದ್ದು ಆ ಕೋಲಿನಲ್ಲಿ.

"ಇಳಿ, ಏಚಲೆ, ಇಳಿ!" ಎಂದು ಅಂಚಿನಲ್ಲಿ ನಿಂತ ಮಾಂತ್ರಿಕ ನಕ್ಕ. "ನಿನ್ನ ಗಿಡುಗದ ಉಸಿರಿಗೆ ನಿನ್ನ ಅಣ್ಣನೇ ಸುಟ್ಟು ಕರಕಲಾಗಲಿ!"

ಮಾಚಯ್ಯ ಮುಖವೆತ್ತಿ ಕೂಗಿದ, "ತಂಗೀ, ನಮ್ಮನ್ನು ನೋಡಬೇಡ! ಆ ಕೋಲು ಮುರಿ!"

 ಏಚಲೆ ಬಗ್ಗಿ ಗಿಡುಗದ ಕಿವಿಯಲ್ಲಿ ಹೇಳಿದಳು, "ಇಲ್ಲಿಂದಲೇ ಉಸಿರು ಕಟ್ಟು."

"ಇಷ್ಟು ಎತ್ತರದಿಂದಲೇ? ತಾಳೆಮರದಷ್ಟಿದೆ! ನನ್ನ ಕಾಲು ಮುರಿಯುತ್ತದೆ."

"ಮುರಿದರೆ ಓಜಯ್ಯ ಬೆಸೆಯುತ್ತಾರೆ."

"ನಿನ್ನ ಕಾಲು ಮುರಿದರೆ?"

ಏಚಲೆ ಗಿಡುಗದ ಕತ್ತನ್ನು ಗಟ್ಟಿಯಾಗಿ ತಬ್ಬಿಕೊಂಡಳು, ಅಷ್ಟೇ. ಗಿಡುಗಕ್ಕೆ ಅಷ್ಟು ಸಾಕಾಯಿತು. ಅದು ಉಸಿರು ಕಟ್ಟಿತು.

ಆನೆಯಷ್ಟು ಕಂಚು ಆಕಾಶದಿಂದ ನೆಟ್ಟಗೆ ಬಂದು ಕೋಲಿನ ಮೇಲೆ ಬಿತ್ತು. ಕೋಲು ತುಂಡಾಯಿತು. ಗಿಡುಗದ ಒಂದು ಕಾಲೂ ಮುರಿಯಿತು. ಮಸಿಮೊಗ ಬಾಯಿ ತೆರೆದ, ಮಂತ್ರ ಬರಲಿಲ್ಲ. ಮತ್ತೆ ತೆರೆದ, ಬರೀ ಹೊಗೆ ಬಂತು. ಹೊಗೆ ಬಂದು ಬಂದು ಅವನೇ ಮುಗಿದುಹೋದ. ಸಂಜೆಯ ಗಾಳಿ ಆ ಹೊಗೆಯನ್ನೂ ಒಯ್ದಿತು.

ಸೂಜಿಬೆಟ್ಟ ಉಕ್ಕಿದ ಹಾಲು ಇಳಿದಂತೆ ಮೆಲ್ಲಗೆ ನೆಲಕ್ಕಿಳಿಯಿತು. ಬಿರಿದ ಬಯಲು ಕೂಡಿಕೊಂಡಿತು. ಚಂದ್ರ ಮೂಡಿದ. ಯಾರೂ ಕಲ್ಲಾಗಲಿಲ್ಲ.

ಏಚಲೆ ಕುಂಟುತ್ತ ಅಣ್ಣನ ಹತ್ತಿರ ಓಡಿದಳು. "ಅಣ್ಣಾ, ಕಾಲು? ಕಾಲು ಹೇಗಿದೆ?"

ಮಾಚಯ್ಯ ಒಂದು ಕಾಲೆತ್ತಿ ನೋಡಿದ, ಇನ್ನೊಂದು ಎತ್ತಿ ನೋಡಿದ. "ಜೋಮು ಹಿಡಿದಿದೆ, ಅಷ್ಟೇ ಕಣಮ್ಮ."

ಅಷ್ಟು ದಿನ ಅಳದಿದ್ದ ಏಚಲೆ ಆಗ ಅತ್ತಳು, ಅಳುತ್ತಲೇ ನಕ್ಕಳು. ಸವಾರರೆಲ್ಲ ಸೇರಿ ಗಿಡುಗವನ್ನು ಹೆಗಲ ಮೇಲೆ ಹೊತ್ತು ಊರಿಗೆ ತಂದರು. ಕಲ್ಲೋಜ ಅದರ ಕಾಲು ಬೆಸೆದು, ಮೊದಲಿಗಿಂತ ಗಟ್ಟಿ ಮಾಡಿದ. ದಣಿದ ಏಚಲೆ ಎರಡು ದಿನ ಎಚ್ಚರವಾಗದೆ ಮಲಗಿದಳು. ಎದ್ದಾಗ ಅಣ್ಣ ಅನ್ನದ ತಟ್ಟೆ ಹಿಡಿದು ಪಕ್ಕದಲ್ಲೇ ಕೂತಿದ್ದ. ಆಮೇಲೆ ಮುಗಿಲೂರಿನ ಜನ ಆಕಾಶ ನೋಡಿ ಹೆದರುವುದನ್ನು ಮರೆತರು, ಬಾಗಿಲು ತೆರೆದಿಟ್ಟು ನಿದ್ದೆ ಮಾಡಿದರು, ಮಕ್ಕಳುಮರಿಗಳೊಂದಿಗೆ ನೆಮ್ಮದಿಯಾಗಿ ಬಾಳಿದರು.