ಗೀಟು ಬೀಳದ ಗುಂಡುಗಳು

"ಗುಂಡು ಹೊಡೆಯೋ ಮಹಾಶಯರು ನೀವೇನಾ?"

ಬಾಗಿಲಲ್ಲೇ ಅಡ್ಡ ನಿಂತು ಅವಳು ಕೇಳಿದ ಧಾಟಿಗೆ ಹೊಸಬ ಬೆಚ್ಚಿ, ಕೈಲಿದ್ದ ಹೆಡ್‌ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಹೌದು ಮೇಡಂ, ಆಟಗಾರ ಅಂತ ನೇಮಕ ಆಗಿದೆ. ನೀವು...?"

"ಗೀಟು ಎಳೆಯೋಳು. ಬೆನ್ನ ಹಿಂದೆ ಎಲ್ಲರೂ ಗೀಟಮ್ಮ ಅಂತಾರೆ. ಎದುರಿಗೆ ಅನ್ನೋ ಧೈರ್ಯ ಯಾರಿಗೂ ಇಲ್ಲ."

"ನನಗೂ ಇಲ್ಲ" ಎಂದು ಅವನು ನಕ್ಕ.

ನಗುವುದೊಂದು ಕೇಡು ಇವನಿಗೆ! ದಿನವಿಡೀ ಕೂತು ಢಂ ಢಂ ಅನ್ನಿಸೋದಕ್ಕೆ ಸಂಬಳ ಬೇರೆ!

ಯಾವ ವಿಡಿಯೋ ಗೇಮನ್ನು ಯಾವ ವಯಸ್ಸಿನವರು ಆಡಬಹುದೆಂದು ತೀರ್ಮಾನಿಸುವ ಮಂಡಳಿ ಅದು. ತೀರ್ಮಾನಿಸುವ ರೀತಿ ಕೇಳಿದರೆ ನೀವು ಹಣೆ ಚಚ್ಚಿಕೊಳ್ಳುತ್ತೀರಿ. ಒಬ್ಬರು ಆಡಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಒಂದೊಂದು ಗುಂಡಿಗೂ ಒಂದೊಂದು ಗೀಟು ಎಳೆಯಬೇಕು. ನೂರು ದಾಟಿದರೆ ಹದಿನೆಂಟು ತುಂಬಿದವರಿಗೆ ಮಾತ್ರ. ದಾಟದಿದ್ದರೆ ಹನ್ನೆರಡರ ಮಕ್ಕಳೂ ಆಡಿಕೊಳ್ಳಲಿ! ಇಷ್ಟೇ ಅವರ ವಿವೇಕ. ಅಧ್ಯಕ್ಷರಂತೂ ಆಡುವವರೂ ಅಲ್ಲ, ಎಣಿಸುವವರೂ ಅಲ್ಲ. ಸಹಿ ಮಾತ್ರ ಅವರದು.

ಕೆಲಸಕ್ಕೆ ಸೇರುವಾಗ ಎಲ್ಲರೂ 'ಸದ್ದಿಗೂ ರಕ್ತಕ್ಕೂ ಅಂಜುವುದಿಲ್ಲ' ಎಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು. ಅವಳೂ ಬರೆದುಕೊಟ್ಟಿದ್ದಳು.

ಶುದ್ಧ ಸುಳ್ಳು! ಬಾಗಿಲು ಧಡಾರೆಂದರೂ ಅವಳ ಎದೆ ಬಾಯಿಗೆ ಬರುತ್ತಿತ್ತು. ಎರಡು ವರ್ಷ ಕಾರು ಓಡಿಸುವ, ಚೆಂಡು ಒದೆಯುವ ಆಟಗಳೇ ಪಾಲಿಗೆ ಬಂದದ್ದರಿಂದ ಗುಟ್ಟು ಉಳಿದಿತ್ತು. ಈಗ 'ಬೂದಿ ಕೋಟೆ' ಎಂಬ ಗುಂಡಿನ ಆಟ ಗಂಟುಬಿದ್ದಿತ್ತು.

ಪರದೆಯ ಮೇಲೆ ಬಂದೂಕು ಹಿಡಿದ ಎರಡು ಕೈ ಮಾತ್ರ ಮೂಡಿದವು.

"ಹೊಡೆಯೋನ ಮುಖ ಎಲ್ರೀ?"

"ಮುಖ ಇರಲ್ಲ ಮೇಡಂ. ಆಡೋರೇ ಅವನು."

"ಭೇಷ್! ಮಕ್ಕಳ ಕೈಗೆ ಕೋವಿ ಕೊಟ್ಟು ಆಟ ಅಂತ ಹೆಸರಿಟ್ಟರಾಯ್ತು. ಇದು ಕೊಲೆಯ ಪಾಠ!"

"ಪಾಠ ಕಲಿಸೋಷ್ಟು ಬುದ್ಧಿ ಇದಕ್ಕಿಲ್ಲ. ಗೋಡೆ ಹಿಂದೆ ಮೂರು ಜನ, ಹೊಡಿ. ಇನ್ನೊಂದು ಗೋಡೆ, ಮತ್ತೆ ಅದೇ ಮೂರು ಜನ! ಪೆದ್ದತನಕ್ಕೆ ನಿಮ್ಮ ಫಾರಂನಲ್ಲಿ ಕಾಲಂ ಇಲ್ವಾ?"

ಉಕ್ಕಿ ಬಂದ ನಗುವನ್ನು ಅವಳು ನುಂಗಿಕೊಂಡಳು. ಆಮೇಲೆ ಗುಂಡು ಹಾರತೊಡಗಿತು. ಹಲ್ಲು ಕಚ್ಚಿ ಗೀಟು ಎಳೆದಳು. ಒಂದು, ಎರಡು... ಸಂಜೆಗೆ ನಲವತ್ತೊಂದು. ಪೆನ್ಸಿಲ್ ಮೊನೆ ನಾಲ್ಕು ಸಲ ಮುರಿದಿತ್ತು.

ಮರುದಿನದಿಂದ ಏನಾಯಿತೋ! ಅವನು ಕೋಟೆಯಲ್ಲಿ ಸುಮ್ಮನೆ ಅಲೆಯತೊಡಗಿದ. ಮೆಟ್ಟಿಲು ಹತ್ತಿದ, ಇಳಿದ, ಕಿಟಕಿಯಾಚೆ ನೋಡುತ್ತ ನಿಂತ. ಒಂದು ಗುಂಡೂ ಹಾರಲಿಲ್ಲ.

"ಯಾಕ್ರೀ ಹೊಡೀತಿಲ್ಲ?"

"ದಾರಿ ಹುಡುಕ್ತಿದೀನಿ ಮೇಡಂ. ನೀವು ಕಾಫಿಗೆ ಹೋಗಿಬನ್ನಿ."

ಕೋಣೆಯ ಬಾಗಿಲನ್ನು ಅವನು ಹಿಡಿಕೆ ಹಿಡಿದು, ಸದ್ದಾಗದಂತೆ ಹಾಕುತ್ತಿದ್ದ. ಅದ್ಯಾಕೋ ಅವಳಿಗೆ ಆ ಬಾಗಿಲು, ಆ ಕೋಣೆ, ಆ ಪೆದ್ದ ನಗು ಇಷ್ಟವಾಗತೊಡಗಿದ್ದವು. ಛೀ, ಗುಂಡು ಹೊಡೆಯೋನ ಮೇಲೆ ಮನಸ್ಸಾ!

ನಾಲ್ಕನೇ ದಿನವೂ ಒಟ್ಟು ನಲವತ್ತೊಂದೇ ಗೀಟು! ಆಗ ಅವಳಿಗೆ ಹೊಳೆಯಿತು. ಆಟ ತಯಾರಿಸಿದ ಕಂಪನಿಯವರು ಇವನ ಕೈ ಬೆಚ್ಚಗೆ ಮಾಡಿದ್ದಾರೆ! ಗೀಟು ಕಡಿಮೆಯಾದರೆ ಆಟ ಮಕ್ಕಳ ಪಾಲು, ಲಾಭ ಅವರ ಪಾಲು!

ಇಷ್ಟಪಟ್ಟದ್ದಕ್ಕೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಕಣ್ಣು ಒರೆಸಿಕೊಂಡು ದೂರು ಬರೆದೇಬಿಟ್ಟಳು.

ವಿಚಾರಣೆಯ ದಿನ ಅಧ್ಯಕ್ಷರು ಒಂದು ಹಾಳೆಯನ್ನು ಮೇಜಿನ ಮೇಲೆ ಎಸೆದರು. ಪ್ರತಿ ಗುಂಡಿನ ಸಮಯವನ್ನೂ ಆ ಆಟವೇ ಬರೆದಿಟ್ಟುಕೊಳ್ಳುತ್ತಿತ್ತಂತೆ.

"ಮೊದಲ ದಿನ ಬಿಟ್ಟರೆ ಗುಂಡೆಲ್ಲ ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂಕಾಲು, ಮಧ್ಯಾಹ್ನ ಮೂರೂವರೆಯಿಂದ ಮೂರೂಮುಕ್ಕಾಲು! ಗೀಟು ಎಳೆಯೋರು ಕಾಫಿಗೆ ಹೋದಾಗಲೇ ಹೊಡೆದಿದೀಯಲ್ಲಯ್ಯಾ! ಯಾವ ಘನಕಾರ್ಯಕ್ಕೆ?"

"ಕೊನೇಲಿ ಈ ಹಾಳೆ ನೋಡಿಯೇ ಎಣಿಸ್ತಾರೆ ಅಂದ್ಕೊಂಡಿದ್ದೆ ಸರ್. ಗೀಟು ಮಾತ್ರ ಲೆಕ್ಕ ಅಂತ ಗೊತ್ತಿರಲಿಲ್ಲ."

"ಅದಿರಲಿ. ಅವರಿದ್ದಾಗ ಯಾಕೆ ಹೊಡೆಯಲಿಲ್ಲ?"

ಅವನು ತಲೆ ತಗ್ಗಿಸಿದ.

"ಬಾಯಿಲ್ವಾ? ಸರಿ, ನಾಳೆಯಿಂದ ಕೆಲಸಕ್ಕೆ ಬರಬೇಡ!"

ಅವನು ತಲೆ ಎತ್ತದೆ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟ.

ಅವಳ ಕಣ್ಣು ದೂರಿನ ಜೊತೆ ಲಗತ್ತಿಸಿದ್ದ ತನ್ನದೇ ಮೊದಲ ದಿನದ ಹಾಳೆಯ ಮೇಲೆ ಬಿತ್ತು. ನಲವತ್ತೊಂದು ಗೀಟು... ಒಂದೂ ನೆಟ್ಟಗಿರಲಿಲ್ಲ! ಒಂದೊಂದು ಗುಂಡಿಗೂ ಕೈ ಹಾರಿ, ಕಾಗದ ಎರಡು ಕಡೆ ಹರಿದಿತ್ತು.

ಅವನು ನೋಡಿದ್ದ. ಎಲ್ಲವನ್ನೂ ನೋಡಿದ್ದ! ಬಾಯಿಬಿಟ್ಟರೆ ಅವಳ ಕೆಲಸ ಹೋಗುತ್ತದೆಂದು ಈಗ ತನ್ನದನ್ನೇ ಕಳೆದುಕೊಳ್ಳುತ್ತಿದ್ದ.

ಅವಳು ಎದ್ದು ನಿಂತಳು.

"ಸರ್, ನನಗೆ ಸದ್ದು ಅಂದ್ರೆ ಭಯ. ನಾನು ಬರೆದುಕೊಟ್ಟ ಮುಚ್ಚಳಿಕೆ ಸುಳ್ಳು. ನಾನು ನಡುಗ್ತೀನಿ ಅಂತ ಇವರು ಹೊಡೆಯಲಿಲ್ಲ. ತೆಗೆಯೋದಾದ್ರೆ ನನ್ನನ್ನ ತೆಗೀರಿ!"

"ಮೇಡಂ, ಬೇಡ..." ಅವನು ಮೊದಲ ಸಲ ತಲೆ ಎತ್ತಿದ.

ಅಧ್ಯಕ್ಷರು ಮೂಗು ಮುರಿದರು. "ಅಂಜುಬುರುಕರಿಗೆ ಇಲ್ಲೇನಮ್ಮ ಕೆಲಸ?"

"ಅಂಜೋರಿಗೇ ಸರ್ ಈ ಕೆಲಸ! ಗುಂಡಿನ ಸದ್ದಿಗೆ ರೆಪ್ಪೆಯೂ ಅಲುಗದವರು ಮಕ್ಕಳಿಗೆ ಯಾವುದು ಸರಿ ಅಂತ ಹೇಗೆ ಹೇಳ್ತಾರೆ? ಆ ಹರಿದ ಹಾಳೆ ನೋಡಿ. ನಿಮ್ಮ ನೂರು ಗೀಟು ಹೇಳದ್ದನ್ನ ಅದು ಹೇಳುತ್ತೆ."

ಅಧ್ಯಕ್ಷರು ಹಾಳೆಯನ್ನು ನೋಡಿದರು, ಗಡಿಯಾರವನ್ನೂ ನೋಡಿದರು. ಆ ಮನುಷ್ಯನಿಗೆ ನ್ಯಾಯಕ್ಕಿಂತ ಮನೆಗೆ ಹೋಗುವ ಆತುರವೇ ಹೆಚ್ಚು. ದೂರನ್ನು ಹರಿದು ಬುಟ್ಟಿಗೆ ಹಾಕಿದರು.

"ನಾಳೆ ಸಂಜೆಯೊಳಗೆ ನೂರು ದಾಟಿಸಿ ತನ್ನಿ. ಯಾರು ಆಡ್ತೀರೋ, ಯಾರು ನಡುಗ್ತೀರೋ, ನನಗೆ ಬೇಡ. ಆಮೇಲೆ ಇಬ್ಬರೂ ಚೆಂಡಾಟ ನೋಡ್ಕೊಂಡು ಬಿದ್ದಿರಿ!"

ಮರುದಿನ ಅವಳೇ ಆಟಗಾರನ ಕುರ್ಚಿಯಲ್ಲಿ ಕೂತಳು. ಪೆನ್ಸಿಲ್, ಹೊಸ ಹಾಳೆ ಅವನ ಕೈಗೆ ಹೋದವು.

"ಲಂಚ ತಿಂದಿದೀರಾ ಅಂತ ಬರೆದೆ... ನನ್ನ ಕೈ ಸೇದಿಹೋಗಬಾರದಿತ್ತಾ! ಬೈಯಿರಿ ನನ್ನನ್ನ."

"ಆಟ ಮುಗೀಲಿ, ನಿಧಾನವಾಗಿ ಬೈತೀನಿ."

ಅವಳು ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಮೊದಲನೇ ಗುಂಡು ಗೋಡೆಗೆ ಹೋಯಿತು, ಎರಡನೆಯದು ಚಾವಣಿಗೆ. ಅವಳದೇ ಕೈಯಿಂದ ಹೊರಟ ಸದ್ದಾದ್ದರಿಂದಲೋ ಏನೋ, ಮಧ್ಯಾಹ್ನದ ಹೊತ್ತಿಗೆ ಭಯ ಅರ್ಧ ಇಳಿದಿತ್ತು. ಆ ಆಟದ ಮೇಲಿನ ತಿರಸ್ಕಾರ ಮಾತ್ರ ಎಳ್ಳಷ್ಟೂ ಇಳಿದಿರಲಿಲ್ಲ.

"ಎಷ್ಟಾಯ್ತು?"

"ನೂರೊಂದು. ಹದಿನೆಂಟು ತುಂಬಿದವರಿಗೆ ಮಾತ್ರ."

ಅವಳು ಬಗ್ಗಿ ಹಾಳೆ ನೋಡಿದಳು. ಗೀಟುಗಳೆಲ್ಲ ಸೊಟ್ಟ!

"ಅಯ್ಯೋ, ನಿಮಗೂ ಸದ್ದಿಗೆ ಭಯಾನಾ?"

"ಸದ್ದಿಗಲ್ಲ... ನೀನು ಪಕ್ಕದಲ್ಲಿ ಕೂತಿದೀಯಲ್ಲ, ಅದಕ್ಕೆ."

'ನೀನು' ಅಂದುಬಿಟ್ಟೆನಲ್ಲ ಎಂದು ಅವನು ನಾಲಿಗೆ ಕಚ್ಚಿಕೊಂಡ. ಅವಳು ಅವನ ಕೈಯಿಂದ ಪೆನ್ಸಿಲ್ ತೆಗೆದು ಕೆಳಗಿಟ್ಟಳು. ಆ ಕೈಯನ್ನು ಬಿಡಲಿಲ್ಲ.

"ಹಾಗಾದ್ರೆ ಇನ್ಮೇಲೆ ನೆಟ್ಟಗೆ ಗೀಟು ಎಳೆಯೋಕೆ ಆಗಲ್ಲ ನಿನಗೆ."

"ಯಾಕೆ?"

"ನಾನು ಎಲ್ಲಿಗೂ ಹೋಗಲ್ಲವಲ್ಲ... ಕಾಫಿಗೂ!"