ಜಾಗ ಬಿಟ್ಟ ಗಾಯ

ಫೆಬ್ರವರಿ ಹದಿನೆಂಟರ ಬೆಳಿಗ್ಗೆ ಅಡರಕಟ್ಟಿಯ ದೇವೇಂದ್ರಪ್ಪ ಲಕ್ಷ್ಮೇಶ್ವರದ ಠಾಣೆಗೆ ಬಂದು, ತಮ್ಮ ಮಗಳು ಶಿವಲಕ್ಷ್ಮಿಯದು ಆಕಸ್ಮಿಕ ಸಾವಲ್ಲ, ಅಳಿಯನೇ ಸುಟ್ಟು ಕೊಂದಿದ್ದಾನೆ ಎಂದು ದೂರು ಕೊಟ್ಟರು.

ಮೂರು ವಾರದ ಹಿಂದೆ ಲಕ್ಷ್ಮೇಶ್ವರದ ಮನೆಯ ಅಡುಗೆಕೋಣೆಗೆ ಬೆಂಕಿ ಬಿದ್ದು ಶಿವಲಕ್ಷ್ಮಿ ತೀರಿಕೊಂಡಿದ್ದಳು. ಮಗಳು ಅಂಕಿತಾ ಆಗ ಶಾಲೆಗೆ ಹೋಗಿದ್ದಳು. ಒಲೆಯ ಉರಿ ಸೀರೆಗೆ ತಗುಲಿತು, ಉಳಿಸಲು ಹೋಗಿ ತನ್ನ ಎರಡೂ ಕೈ ಸುಟ್ಟವು ಎಂದು ಗಂಡ ಸಿದ್ದಾರೂಢ ಹೇಳಿಕೆ ಕೊಟ್ಟಿದ್ದ. ಅಸಹಜ ಸಾವಿನ ಪ್ರಕರಣ ದಾಖಲಾಗಿತ್ತು. ಪಂಚನಾಮೆಯ ದಿನ ಆ ಕೈಗಳಿಗೆ ಬಟ್ಟೆ ಸುತ್ತಿದ್ದು ಇನ್ಸ್‌ಪೆಕ್ಟರ್ ಸಮೀವುಲ್ಲಾ ಅವರಿಗೆ ನೆನಪಿತ್ತು.

“ಈಗ್ಯಾಕ ಸಂಶಯ ಬಂತ್ರಿ?”

“ಗಾಯ ಜಾಗಾ ಬಿಟ್ಟೈತ್ರಿ ಸಾಹೇಬ್ರ. ಹೋದ ವಾರ ಬಟ್ಟಿ ಸರದಾಗ ನೋಡಿದ್ರ ಬೊಬ್ಬಿ ಮಣಿಕಟ್ಟಿನ ಕೆಳಗ ಇತ್ತು. ನಿನ್ನಿ ನೋಡಿದ್ರ ಮ್ಯಾಲ ಐತಿ. ಸುಟ್ಟ ಗಾಯ ನಡದಾಡತೈತೇನ್ರಿ?”

ಕೊಲೆ ಆರೋಪದಡಿ ಎಫ್‌ಐಆರ್ ದಾಖಲಿಸಿ, ಅಂದೇ ಮಧ್ಯಾಹ್ನ ಸಮೀವುಲ್ಲಾ ಹೆಡ್ ಕಾನ್‌ಸ್ಟೆಬಲ್ ಫಕ್ಕೀರವ್ವನವರ ಜೊತೆ ಸಿದ್ದಾರೂಢನ ಮನೆಗೆ ಹೋದರು. ಅಂಗಡಿಗಳ ಬೋರ್ಡು ಬರೆಯುವುದು ಅವನ ಕೆಲಸ. ಸುತ್ತಲ ಊರುಗಳಲ್ಲಿ ನಾಟಕವಾದರೆ ಪಾತ್ರಗಳಿಗೆ ಬಣ್ಣ ಹಚ್ಚಲು ಕರೆಯುತ್ತಿದ್ದುದೂ ಅವನನ್ನೇ. ಕೈಗೆ ಸುತ್ತಿದ ಬಟ್ಟೆ ಬಿಚ್ಚು ಎಂದಾಗ, ನಾಟಿ ಔಷಧ ಕೊಟ್ಟವರು ಬಿಚ್ಚಬಾರದು ಅಂದಾರ ಎಂದ. ಔಷಧ ಕೊಟ್ಟವರು ಯಾರು ಎಂದು ಕೇಳಿದಾಗ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

ವೈದ್ಯಕೀಯ ಪರೀಕ್ಷೆಗೆ ಅವನನ್ನು ಗದಗಿಗೆ ಕರೆದೊಯ್ದರು. ಡಾಕ್ಟರಮ್ಮ ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಗಾಯದ ಅಂಚಿಗೆ ಒತ್ತಿದರು. ಅಂಚು ಮೆಲ್ಲಗೆ ಎದ್ದಿತು. ತೆಳು ಕಾಗದ, ಅಂಟು, ಮೈದಾ. ಹಸಿ ಮಾಂಸದ ಬಣ್ಣಕ್ಕೆ ಕುಂಕುಮ, ಕರಕಲಿಗೆ ಕಾಡಿಗೆ. ಎಲ್ಲ ಕಳಚಿದ ಮೇಲೆ ಉಳಿದದ್ದು ಒಂದು ಕಲೆಯೂ ಇಲ್ಲದ ಕೈ. ಸಿದ್ದಾರೂಢ ಗೋಡೆಯ ಕಡೆ ಮುಖ ತಿರುಗಿಸಿದ.

ಇಷ್ಟಾದ ಮೇಲೆ ದೇವೇಂದ್ರಪ್ಪನವರ ಮಾತೇ ಖರೆ ಅನ್ನಿಸುವಂತಿತ್ತು. ಪಂಚರ ಸಮಕ್ಷಮ ಮನೆ ಶೋಧಿಸಿದಾಗ ಟ್ರಂಕಿನಲ್ಲಿ ಅಂಟಿನ ಡಬ್ಬಿ, ಕಾಗದ ಸಿಕ್ಕವು. ಅಡುಗೆಕೋಣೆಯ ನೆಲದ ಮಾದರಿಯಲ್ಲಿ, ಬಣ್ಣ ತೆಳುಮಾಡಲು ಬೆರೆಸುವ, ಬೇಗ ಹೊತ್ತಿಕೊಳ್ಳುವ ಥಿನ್ನರ್ ಇರುವುದನ್ನು ಪ್ರಯೋಗಾಲಯ ದೃಢಪಡಿಸಿತು. ವರದಿಯನ್ನು ಮುಂದಿಟ್ಟುಕೊಂಡು ಸಮೀವುಲ್ಲಾ ಅವನನ್ನು ಮತ್ತೆ ಕೂರಿಸಿದರು.

“ಥಿನ್ನರ್ ಸುರಿದಾವ ನೀನ?”

“ಸುರಿಲಿಲ್ರಿ. ಚೆಲ್ಲಿತು.”

ಹೊರಗೆ ಗಾಳಿ, ಧೂಳು. ಅರ್ಧ ಬರೆದ ಬೋರ್ಡಿಗೆ ಧೂಳು ಕೂರುತ್ತದೆಂದು ಒಳಗೇ ಕೆಲಸ ಹಿಡಿದಿದ್ದನಂತೆ. ಅಡುಗೆಕೋಣೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಯಾನಿನಿಂದ ಬಾಟಲಿಗೆ ಥಿನ್ನರ್ ಬಗ್ಗಿಸುತ್ತಿದ್ದ. ಒಳಗೆ ರೊಟ್ಟಿ ಬೇಯಿಸುತ್ತಿದ್ದ ಶಿವಲಕ್ಷ್ಮಿ ಹೊರಗೆ ಹೋಗಿ ಮಾಡಿರಿ ಎಂದು ಎರಡು ಸಲ ಹೇಳಿದಳು. ಒಂದು ನಿಮಿಷದ ಕೆಲಸ ಎಂದು ಅವನು ನಕ್ಕ. ಕ್ಯಾನು ಜಾರಿ, ಥಿನ್ನರ್ ಒಲೆಯ ತನಕ ಹರಿಯಿತು. ಉರಿ ನೆಲದ ಮೇಲೆ ಓಡಿತು. ಅವನು ಹೊರಗೆ ಹಾರಿದ. ಅವಳು ಉರಿಯ ಆಚೆಗೆ ಉಳಿದಳು.

“ಮತ್ತ ನೀ ಒಳಗ ಹೋಗಲಿಲ್ಲ?”

“‘ಅಂಕಿತಾನ ಅಪ್ಪಾ’ ಅಂತ ಕರದ್ಲರಿ. ನನ್ನ ಕಾಲು ಏಳಲಿಲ್ಲ.”

ಅವನ ಮಾತೊಂದನ್ನೇ ಸಮೀವುಲ್ಲಾ ನಂಬಲಿಲ್ಲ. ಏನೂ ನೋಡಿಲ್ಲ ಎಂದು ಮೊದಲು ಹೇಳಿಕೆ ಕೊಟ್ಟಿದ್ದ ಪಕ್ಕದ ಮನೆಯ ರಹಿಮತಬಿಯನ್ನು ಮತ್ತೆ ಕರೆಸಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. ಕೊಡ ಎತ್ತಿಕೊಂಡು ಓಡಿ ಬಂದಾಗ ಅವನು ಬಾಗಿಲ ಚೌಕಟ್ಟು ಹಿಡಿದು ಚೀರುತ್ತ ನಿಂತಿದ್ದ. ನೀರು ಉಗ್ಗಿದ್ದು ತಾನು. ಅಷ್ಟರಲ್ಲಿ ಮುಗಿದಿತ್ತು. ಅಪ್ಪ ಬೆಂಕಿಯಲ್ಲಿ ಕೈ ಹಾಕಿದ್ದ ಎಂದು ನಂಬಿಕೊಂಡ ಹುಡುಗಿಯ ಮುಂದೆ ಇಲ್ಲ ಎನ್ನಲು ತನಗೆ ಬಾಯಿ ಬರಲಿಲ್ಲ.

ಸುಟ್ಟ ಗುರುತುಗಳೂ ಬಾಗಿಲಿನಿಂದ ಒಳಕ್ಕೆ ಹರಿದಿದ್ದವು. ಸೀರೆಯ ಉಳಿದ ತುಂಡಿನಲ್ಲಿ ಥಿನ್ನರ್ ಇರಲಿಲ್ಲ. ಕೊಲೆಯ ಕಲಂ ಕೈಬಿಟ್ಟು, ನಿರ್ಲಕ್ಷ್ಯದಿಂದ ಸಾವು ತಂದ ಮತ್ತು ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟ ಆರೋಪದ ಮೇಲೆ ಮಾರ್ಚ್ ಹನ್ನೊಂದರಂದು ಸಿದ್ದಾರೂಢನನ್ನು ಬಂಧಿಸಲಾಯಿತು.

ವಿಷಯ ತಿಳಿಸಿದಾಗ ದೇವೇಂದ್ರಪ್ಪ ಠಾಣೆಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. “ಕೊಂದಿದ್ರ ಶಾಪ ಹಾಕಾಕರ ಬರತಿತ್ತು. ಇವಗ ಏನನ್ನಲ್ರಿ?”

ಒಂಬತ್ತನೇ ತರಗತಿಯ ಅಂಕಿತಾ ಈಗ ಅಜ್ಜನ ಮನೆಯಲ್ಲಿದ್ದಳು. ಅವಳ ಹೇಳಿಕೆ ಪಡೆಯಲು ಫಕ್ಕೀರವ್ವ ಸಮವಸ್ತ್ರ ಬಿಟ್ಟು ಸೀರೆಯುಟ್ಟು ಅಡರಕಟ್ಟಿಗೆ ಹೋದರು. ಅಪ್ಪನ ಕೈ ಸುಟ್ಟಿತ್ತೆಂದು ದಿನಾ ತಾನೇ ತುತ್ತು ಮಾಡಿ ಉಣಿಸುತ್ತಿದ್ದೆ ಎಂದು ಹುಡುಗಿ ಹೇಳಿದಳು. ಒಮ್ಮೆ ಶಾಲೆ ಜಲ್ದಿ ಬಿಟ್ಟಿತ್ತು. ಕಿಟಕಿಯಿಂದ ನೋಡಿದರೆ ಅಪ್ಪ ಅಳುತ್ತ ಕೈಗೆ ಕಾಗದ ಅಂಟಿಸಿಕೊಳ್ಳುತ್ತಿದ್ದ. ಅವಳು ಸದ್ದಿಲ್ಲದೆ ಹಿಂದೆ ಸರಿದು, ಓಣಿಯಲ್ಲಿ ಒಂದು ಸುತ್ತು ಹಾಕಿ, ಚಪ್ಪಲಿ ಸಪ್ಪಳ ಮಾಡುತ್ತ ಮತ್ತೆ ಬಂದಿದ್ದಳು.

“ಗೊತ್ತಾದ ಮ್ಯಾಲೂ ಉಣಿಸಿದೇನವ್ವ?”

“ಹೂನ್ರಿ. ದಿನಾ.”

“ಯಾಕ?”

“ಅವ್ವನ್ನ ಉಳಸಾಕ ಹೋಗಿ ಕೈ ಸುಟ್ಟಿದ್ರ ಛಲೋ ಇತ್ತು ಅಂತ ಅಪ್ಪಗ ಅನಿಸಿತ್ತ್ರಿ. ನನಗೂ ಹಂಗ ಅನಿಸಿತ್ತು.”